ವೋಲ್ಗಾ ತೀರದ ಹದಿನಾರನೆಯ ದಂಡು

೧೯೪೨ನೆಯ ಇಸವಿಯ ಆಗಸ್ಟ್ ೨೩, ಭಾನುವಾರ. ದಕ್ಷಿಣ ರಷ್ಯದ ಡಾನ್ ನದಿಗೂ ವೋಲ್ಗಾ ನದಿಗೂ ನಡುವೆ ಹಬ್ಬಿರುವ ಮರಗಳಿಲ್ಲದ ಹುಲ್ಲುಬಯಲು. ಬೇಸಗೆಯ ಬಿಸಿಲಿಗೆ ಬೆಂದ ಆ ನೆಲದ ಮೇಲೆ ಧೂಳಿನ ಮೋಡಗಳನ್ನೆಬ್ಬಿಸುತ್ತ ಜರ್ಮನಿಯ ೧೬ನೆಯ ಪ್ಯಾಂಜರ್ ಡಿವಿಜನ್ನಿನ ಟ್ಯಾಂಕುಗಳು ಬೆಳಗಿನ ಜಾವದಲ್ಲಿಯೇ ಪೂರ್ವಾಭಿಮುಖವಾಗಿ ಹೊರಟವು. ಸಂಜೆಯಾಗುವಷ್ಟರಲ್ಲಿ ಸುಮಾರು ೬೦ ಕಿಲೋಮೀಟರ್ ಕ್ರಮಿಸಿ, ಸ್ಟಾಲಿನ್‌ಗ್ರಾಡ್ ನಗರದ ಉತ್ತರಕ್ಕಿದ್ದ ರಿನೋಕ್ ಎಂಬಲ್ಲಿ ವೋಲ್ಗಾ ನದಿಯ ಎತ್ತರದ ದಡವನ್ನು ಮುಟ್ಟಿದವು. ಕೆಳಗೆ ವಿಶಾಲವಾದ ನದಿ. ಅದರಾಚೆ ಏಷ್ಯದ ಕಡೆಗೆ ಕಣ್ಣು ಹರಿಯುವಷ್ಟು ದೂರವೂ ಬಯಲು. ಯುದ್ಧ ಇನ್ನೇನು ಮುಗಿಯಿತೆಂದು ಆ ಸೈನಿಕರಲ್ಲಿ ಅನೇಕರು ಭಾವಿಸಿದರು. ಆದರೆ ಅವರ ಪಾಲಿಗೆ ವಿಪತ್ತು ಮೊದಲಾದದ್ದೇ ಆ ದಡದಲ್ಲಿ.

ದಂಡಿನ ಹುಟ್ಟು

ಜರ್ಮನ್ ಭಾಷೆಯಲ್ಲಿ ‘ಪ್ಯಾಂಜರ್’ ಎಂದರೆ ಕವಚ. ಪ್ಯಾಂಜರ್ ಡಿವಿಜನ್ ಎಂದರೆ ಟ್ಯಾಂಕುಗಳ ಗುಂಪು ಮಾತ್ರವಲ್ಲ. ಮೋಟಾರು ವಾಹನಗಳಲ್ಲಿ ಸಾಗುವ ಕಾಲಾಳುಗಳು, ಫಿರಂಗಿ ದಳ, ಸೇತುವೆ ಕಟ್ಟುವವರು, ತಂತಿ ಸುದ್ದಿಯವರು, ವೈದ್ಯರು, ಟ್ಯಾಂಕು ರಿಪೇರಿಯ ಕಾರ್ಖಾನೆ, ಕೊನೆಗೆ ರೊಟ್ಟಿ ಬೇಯಿಸುವವರೂ ಸೇರಿ ಹತ್ತು ಹನ್ನೆರಡು ಸಾವಿರಕ್ಕೂ ಮೀರಿದ ಜನ. ಒಂದು ಪಟ್ಟಣವೇ ಗಾಲಿಗಳ ಮೇಲೆ ಹೊರಟಂತೆ. ೧೬ನೆಯ ಡಿವಿಜನ್ ರೂಪುಗೊಂಡದ್ದು ೧೯೪೦ರಲ್ಲಿ. ಪಶ್ಚಿಮ ಜರ್ಮನಿಯ ವೆಸ್ಟ್‌ಫೇಲಿಯ ಪ್ರಾಂತದ ಮ್ಯೂನ್‌ಸ್ಟರ್ ನಗರ ಅದರ ನೆಲೆ. ಮೊದಲನೆಯ ಮಹಾಯುದ್ಧದಲ್ಲಿ ಒಂದು ತೋಳನ್ನು ಕಳೆದುಕೊಂಡಿದ್ದ ಹಾನ್ಸ್ ಹೂಬೆ ಎಂಬಾತ ಅದರ ಸೇನಾನಿ.

ಸೋವಿಯತ್ ದೇಶದೊಡನೆ ೧೯೩೯ರಲ್ಲಿ ಮಾಡಿಕೊಂಡ ಅನಾಕ್ರಮಣ ಒಪ್ಪಂದವನ್ನು ಮುರಿದು ಹಿಟ್ಲರನು ೧೯೪೧ರ ಜೂನ್ ೨೨ರಂದು ದಂಡೆತ್ತಿ ಹೋದಾಗ, ಈ ಡಿವಿಜನ್ ಉಕ್ರೇನಿನ ದಿಕ್ಕಿನಲ್ಲಿ ನುಗ್ಗಿತು. ಊಮಾನ್, ನಿಕೊಲಾಯೆವ್, ಕೀವ್ ಎಂದು ಒಂದಾದ ಮೇಲೊಂದು ಕದನ. ಮರುವರ್ಷದ ಬೇಸಗೆಯಲ್ಲಿ ಅದು ಜನರಲ್ ಪೌಲಸನ ೬ನೆಯ ಸೈನ್ಯದ ಮೊನೆಯಾಗಿ ವೋಲ್ಗಾ ಕಡೆಗೆ ಹೊರಟಿತು.

ಫಿರಂಗಿಯ ಹಿಂದೆ ಹುಡುಗಿಯರು

ಆ ಭಾನುವಾರ ಟ್ಯಾಂಕುಗಳ ನೆತ್ತಿಯ ಮೇಲೆ ಜರ್ಮನ್ ವಿಮಾನಗಳು ತಂಡ ತಂಡವಾಗಿ ಸ್ಟಾಲಿನ್‌ಗ್ರಾಡಿನತ್ತ ಹಾರಿದವು. ನದಿಯಗುಂಟ ಉದ್ದಕ್ಕೆ ಹಬ್ಬಿದ್ದ ಆ ಕೈಗಾರಿಕಾ ನಗರದ ಮೇಲೆ ಅಂದು ಬಿದ್ದ ಬಾಂಬುಗಳಿಂದ ಮರದ ಮನೆಗಳ ಬೀದಿಗಳು ಸಾಲುಸಾಲಾಗಿ ಉರಿದುಹೋದವು. ಸಾವಿರಾರು ಮಂದಿ ನಾಗರಿಕರು ಅಸುನೀಗಿದರು.

ನಗರದ ಉತ್ತರದ ಅಂಚಿನಲ್ಲಿ ಟ್ಯಾಂಕುಗಳನ್ನು ತಡೆಯಲು ಸೋವಿಯತ್ ಕಾಲಾಳು ಪಡೆಯೇ ಇರಲಿಲ್ಲವೆನ್ನಬಹುದು. ಇದ್ದದ್ದು ೧೦೭೭ನೆಯ ವಿಮಾನವಿರೋಧಿ ರೆಜಿಮೆಂಟಿನ ಫಿರಂಗಿಗಳು. ಅವನ್ನು ನಡೆಸುತ್ತಿದ್ದವರಲ್ಲಿ ಬಹುಮಂದಿ ಆಗತಾನೆ ಶಾಲೆ ಬಿಟ್ಟಿದ್ದ ಹುಡುಗಿಯರು. ನೆಲದ ಮೇಲಿನ ಗುರಿಗೆ ಗುಂಡು ಹಾರಿಸುವ ತರಬೇತಿ ಅವರಿಗೆ ದೊರೆತಿರಲಿಲ್ಲ. ಆದರೂ ಆಕಾಶವನ್ನು ನೋಡುತ್ತಿದ್ದ ಫಿರಂಗಿಗಳ ಮೂತಿಯನ್ನು ನೆಲಮಟ್ಟಕ್ಕಿಳಿಸಿ ಟ್ಯಾಂಕುಗಳೆದುರು ನಿಂತರು. ಆ ೩೭ ಫಿರಂಗಿ ನೆಲೆಗಳು ಒಂದೊಂದಾಗಿ ನಾಶವಾಗುವವರೆಗೂ ಕದನ ನಿಲ್ಲಲಿಲ್ಲ. ಆಮೇಲೆ ಹತ್ತಿರ ಹೋಗಿ ನೋಡಿದಾಗಲೇ ತಾವು ಹೋರಾಡಿದ್ದು ಹೆಂಗಸರೊಡನೆ ಎಂಬುದು ಜರ್ಮನ್ ಸೈನಿಕರಿಗೆ ತಿಳಿದದ್ದು. ಅದನ್ನು ಕಂಡು ಬೆಚ್ಚಿದವರೂ ಅವರಲ್ಲಿದ್ದರು.

ಹುಡುಗಿಯರ ಪ್ರಾಣತ್ಯಾಗ ವ್ಯರ್ಥವಾಗಲಿಲ್ಲ. ಅವರು ದೊರಕಿಸಿಕೊಟ್ಟ ಕೆಲವು ಗಂಟೆಗಳಲ್ಲಿ ಟ್ರಾಕ್ಟರ್ ಕಾರ್ಖಾನೆಯ ಕೆಲಸಗಾರರು ಕೋವಿ ಹಿಡಿದು ಸಾಲುಗಟ್ಟಿದರು. ಆ ಕಾರ್ಖಾನೆಯಲ್ಲೇ ತಯಾರಾದ ಟ್ಯಾಂಕುಗಳು ನೇರವಾಗಿ ರಣರಂಗಕ್ಕಿಳಿದವು. ಮರುದಿನ ಜರ್ಮನರು ನಗರದೊಳಕ್ಕೆ ನುಗ್ಗಲು ನೋಡಿದಾಗ ದಾರಿ ಮುಚ್ಚಿತ್ತು.

ದಡದಲ್ಲಿ ಸಿಕ್ಕಿಬಿದ್ದವರು

ಒಂದೇ ಹಗಲಿನಲ್ಲಿ ಅಷ್ಟು ದೂರ ಬಂದದ್ದೇ ಈಗ ಕುತ್ತಾಯಿತು. ಹಿಂದಿನ ಪಡೆಗಳು ಇನ್ನೂ ಬಂದು ಸೇರಿರಲಿಲ್ಲ. ನದಿಯಿಂದ ನದಿಗೆ ಚಾಚಿದ್ದ ಕಿರಿದಾದ ದಾರಿಯನ್ನು ಸೋವಿಯತ್ ಪಡೆಗಳು ಉತ್ತರದಿಂದ ಮತ್ತೆ ಮತ್ತೆ ಕತ್ತರಿಸಲೆತ್ನಿಸಿದವು. ಪೆಟ್ರೋಲು, ಮದ್ದುಗುಂಡು ಎರಡೂ ತೀರುತ್ತ ಬಂದವು. ಈ ಕೋರಿನ ದಂಡನಾಯಕನಾಗಿದ್ದ ಫಾನ್ ವೀಟರ್‌ಸ್‌ಹೈಮ್ ಪಡೆಗಳನ್ನು ಹಿಂದಕ್ಕೆ ಕರೆಸುವುದೇ ಲೇಸೆಂದು ಸೂಚಿಸಿದನು. ಅದಕ್ಕೆ ದೊರೆತ ಉತ್ತರ ಅವನ ಪದಚ್ಯುತಿ. ಸೆಪ್ಟೆಂಬರಿನಲ್ಲಿ ಅವನ ಸ್ಥಾನಕ್ಕೆ ಹೂಬೆ ಏರಿದನು. ಡಿವಿಜನ್ನಿನ ಹೊಣೆ ಗ್ಯುಂಟರ್ ಆಂಗರ್ನ್ ಎಂಬವನಿಗೆ ಬಂತು.

ಮೊದಲ ದಿನವೇ ತಲುಪಿದ್ದ ಆ ರಿನೋಕಿಗಾಗಿ ನವೆಂಬರ್ ಮಧ್ಯದಲ್ಲಿಯೂ ಹೋರಾಟ ನಡೆದೇ ಇತ್ತು. ಅಷ್ಟರಲ್ಲಿ, ೧೯೪೨ರ ನವೆಂಬರ್ ೧೯ರಂದು, ಸೋವಿಯತ್ ಸೈನ್ಯ ನಗರದಿಂದ ಬಹುದೂರದಲ್ಲಿ, ರುಮೇನಿಯದ ಪಡೆಗಳು ಕಾಯುತ್ತಿದ್ದ ಕಡೆ ಹೊಡೆಯಿತು. ನಾಲ್ಕೇ ದಿನಗಳಲ್ಲಿ ಉತ್ತರ ದಕ್ಷಿಣಗಳ ಎರಡು ತೋಳುಗಳು ಕಲಾಚ್ ಬಳಿ ಕೂಡಿಕೊಂಡು ೬ನೆಯ ಸೈನ್ಯವನ್ನು ತಬ್ಬಿ ಹಿಡಿದವು. ಅಂದು ನವೆಂಬರ್ ೨೩. ವೋಲ್ಗಾ ಕಂಡ ಸಂಜೆಗೆ ಸರಿಯಾಗಿ ಮೂರು ತಿಂಗಳು.

ವಿಮಾನದ ಮೂಲಕ ಎಲ್ಲವನ್ನೂ ಒದಗಿಸುತ್ತೇವೆಂದು ಬರ್ಲಿನ್ನಿನಿಂದ ಭರವಸೆ ಬಂದಿತು. ದಿನಕ್ಕೆ ಕನಿಷ್ಠ ೩೦೦ ಟನ್ ಸರಂಜಾಮು ಬೇಕಾಗಿದ್ದಲ್ಲಿ, ಸರಾಸರಿ ಬಂದಿಳಿದದ್ದು ಅದರ ಮೂರನೆಯ ಒಂದು ಪಾಲಿನ ಆಸುಪಾಸು. ಸೈನಿಕರು ಕುದುರೆಗಳನ್ನು ಕೊಂದು ತಿಂದರು. ಹಿಮದಲ್ಲಿ ಕಾಲ್ಬೆರಳುಗಳು ಕೊಳೆತವು. ಶರಣಾಗತಿಗೆ ಹಿಟ್ಲರನ ಅಪ್ಪಣೆಯಿರಲಿಲ್ಲ. ಜನವರಿಯಲ್ಲಿ ಅವನ ಆಜ್ಞೆಯಂತೆ ಹೂಬೆಯನ್ನು ವಿಮಾನದಲ್ಲಿ ಹೊರಕ್ಕೆ ಸಾಗಿಸಲಾಯಿತು. ಆಂಗರ್ನ್ ಫೆಬ್ರವರಿಯ ಆರಂಭದಲ್ಲಿ ಆತ್ಮಹತ್ಯೆ ಮಾಡಿಕೊಂಡನು. ೧೯೪೩ರ ಫೆಬ್ರವರಿ ೨ರಂದು ನಗರದ ಉತ್ತರ ಭಾಗದ ಪಡೆಗಳೂ ಶಸ್ತ್ರ ಕೆಳಗಿಟ್ಟಾಗ ಮ್ಯೂನ್‌ಸ್ಟರಿನಿಂದ ಹೊರಟ ದಂಡು ಇಲ್ಲವಾಯಿತು.

ಸ್ಟಾಲಿನ್‌ಗ್ರಾಡಿನಲ್ಲಿ ಸೆರೆಯಾದ ಸುಮಾರು ೯೧,೦೦೦ ಜನರಲ್ಲಿ ಮನೆಗೆ ಮರಳಿದವರು ಆರು ಸಾವಿರದೊಳಗೆ. ಕಟ್ಟಕಡೆಯವರು ಬಂದದ್ದು ೧೯೫೫ರ ಹೊತ್ತಿಗೆ. ಈ ಲೆಕ್ಕ ಓದಿ ಮನಸ್ಸು ಮರುಗುವುದು ಸಹಜ. ಆದರೆ ಇದರ ಪಕ್ಕದಲ್ಲಿಯೇ ಇನ್ನೊಂದು ಲೆಕ್ಕವಿದೆ. ಆ ಯುದ್ಧದಲ್ಲಿ ಜರ್ಮನರ ಕೈಗೆ ಸೆರೆಸಿಕ್ಕ ಸೋವಿಯತ್ ಯೋಧರಲ್ಲಿ ಸುಮಾರು ೩೦ ಲಕ್ಷ ಮಂದಿ ಹಸಿವಿನಿಂದಲೂ ರೋಗದಿಂದಲೂ ಗುಂಡಿನಿಂದಲೂ ಸತ್ತರು. ಒಂದನ್ನು ಹೇಳಿ ಮತ್ತೊಂದನ್ನು ಮರೆಯುವುದು ನ್ಯಾಯವಲ್ಲ.

ಅದೇ ಅಂಕಿ, ಹೊಸ ಜನ

ಇತಿಹಾಸದ ವಿಚಿತ್ರವೆಂದರೆ, ಇಲ್ಲವಾದ ಡಿವಿಜನ್ ಕೆಲವೇ ವಾರಗಳಲ್ಲಿ ಮತ್ತೆ ಹುಟ್ಟಿತು. ೧೯೪೩ರ ವಸಂತದಲ್ಲಿ ಫ್ರಾನ್ಸಿನಲ್ಲಿ ಹೊಸ ತರುಣರನ್ನೂ ರಜೆ ಅಥವಾ ಗಾಯದ ಕಾರಣದಿಂದ ಮುತ್ತಿಗೆಯ ಹೊರಗುಳಿದಿದ್ದ ಹಳಬರನ್ನೂ ಕೂಡಿಸಿ ಅದೇ ೧೬ರ ಅಂಕಿಯನ್ನು ಕೊಡಲಾಯಿತು. ಅದೇ ವರ್ಷದ ಸೆಪ್ಟೆಂಬರ್ ೯ರಂದು ಇಟಲಿಯ ಸಲೆರ್ನೊ ತೀರದಲ್ಲಿ ಬ್ರಿಟಿಷ್ ಹಾಗೂ ಅಮೆರಿಕನ್ ಪಡೆಗಳು ಇಳಿದಾಗ ಅಲ್ಲಿ ಎದುರಾದದ್ದು ಈ ಡಿವಿಜನ್ನೇ. ಹಡಗುಗಳ ಫಿರಂಗಿಗಳ ಮುಂದೆ ಅದರ ಟ್ಯಾಂಕುಗಳು ನಿಲ್ಲಲಾರದಾದವು. ಅಕ್ಟೋಬರಿನಲ್ಲಿ ಟೆರ್ಮೋಲಿಯಲ್ಲಿ ಇನ್ನೊಂದು ಸೋಲು. ಬಳಿಕ ಮತ್ತೆ ಪೂರ್ವರಂಗ: ಉಕ್ರೇನ್, ಪೋಲೆಂಡ್. ೧೯೪೫ರ ಮೇ ತಿಂಗಳಲ್ಲಿ ಜೆಕೊಸ್ಲೊವಾಕಿಯದ ನೆಲದಲ್ಲಿ ಉಳಿದವರು ಶರಣಾದರು. ಹೂಬೆ ಅದನ್ನು ನೋಡಲು ಇರಲಿಲ್ಲ; ೧೯೪೪ರ ಏಪ್ರಿಲ್‌ನಲ್ಲಿ, ಹಿಟ್ಲರನಿಂದ ಉನ್ನತ ಪದಕವನ್ನು ಪಡೆದು ಹಿಂದಿರುಗುವಾಗ ವಿಮಾನಾಪಘಾತದಲ್ಲಿ ಮಡಿದಿದ್ದನು.

ಸೈನ್ಯದ ಕಾಗದಪತ್ರಗಳಲ್ಲಿ ಹದಿನಾರು ಎಂಬ ಅಂಕಿ ಒಮ್ಮೆ ಅಳಿದರೂ ಮತ್ತೆ ಬರೆಯಲ್ಪಟ್ಟಿತು. ಆದರೆ ಆ ಅಂಕಿಯ ಕೆಳಗೆ ನಡೆದ ಮನುಷ್ಯರನ್ನು ಯಾವ ಆಜ್ಞೆಯೂ ಮರಳಿ ತರಲಿಲ್ಲ. ರಿನೋಕಿನ ಆ ಹುಡುಗಿಯರನ್ನಂತೂ ತರಲಿಲ್ಲ. ಸ್ಟಾಲಿನ್‌ಗ್ರಾಡಿನ ಹೆಸರು ೧೯೬೧ರಲ್ಲಿ ವೋಲ್ಗೊಗ್ರಾಡ್ ಎಂದಾಯಿತು. ನಗರದ ಮಮಾಯೆವ್ ದಿಬ್ಬದ ಮೇಲೆ ೧೯೬೭ರಲ್ಲಿ ಕತ್ತಿಯೆತ್ತಿ ಕರೆಯುವ ಮಾತೃಭೂಮಿಯ ಮಹಾಮೂರ್ತಿ ನಿಂತಿತು. ಊರಾಚೆಯ ಹುಲ್ಲುಬಯಲಿನ ರೊಸೊಷ್ಕದಲ್ಲಿ ೧೯೯೯ರಲ್ಲಿ ಜರ್ಮನ್ ಸೈನಿಕರ ಸ್ಮಶಾನವೂ ಏರ್ಪಟ್ಟಿತು. ರಸ್ತೆಯ ಇನ್ನೊಂದು ಬದಿಯಲ್ಲಿ ಸೋವಿಯತ್ ಯೋಧರ ಸಮಾಧಿಗಳಿವೆ. ಒಂದು ಹಗಲಿನಲ್ಲಿ ದಾಟಿಬಿಡಬಹುದೆಂದು ಆ ಟ್ಯಾಂಕುಗಳು ಹೊರಟ ಬಯಲು ಇದೇ.