ಜಗಳ ಎರಡು ಸರಕಾರಗಳದ್ದು, ಕಾಯುವುದು ನಮ್ಮ ಮಕ್ಕಳು

ವರ್ಷಕ್ಕೆ ಒಂದು ಸಾವಿರ ರೂಪಾಯಿ. ಕೇಂದ್ರ ಸರಕಾರದ ಪ್ರಿ-ಮೆಟ್ರಿಕ್ ವಿದ್ಯಾರ್ಥಿವೇತನದಲ್ಲಿ ಒಂದರಿಂದ ಐದನೇ ತರಗತಿಯ ಅಲ್ಪಸಂಖ್ಯಾತ ಮಕ್ಕಳಿಗೆ ಸಿಗುತ್ತಿದ್ದದ್ದು ಅಷ್ಟೇ. ಆ ಸಾವಿರಕ್ಕಾಗಿ ನಮ್ಮ ಉಮ್ಮಂದಿರು ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಹೋಗಿದ್ದಾರೆ, ಮಗುವಿನ ಹೆಸರಲ್ಲಿ ಬ್ಯಾಂಕ್ ಖಾತೆ ತೆರೆದಿದ್ದಾರೆ, ಸೈಬರ್ ಸೆಂಟರ್‌ನಲ್ಲಿ 'ಸರ್ವರ್ ಡೌನ್' ಎಂಬ ಮಾತು ಕೇಳಿ ವಾಪಸ್ ಬಂದಿದ್ದಾರೆ. 2022ರ ನವೆಂಬರ್‌ನಲ್ಲಿ ಕೇಂದ್ರ ಸರಕಾರ, ಇನ್ನು ಮುಂದೆ ಇದು 9 ಮತ್ತು 10ನೇ ತರಗತಿಗೆ ಮಾತ್ರ ಎಂದಿತು. ಅರ್ಜಿ ಹಾಕಿ ಕಾಯುತ್ತಿದ್ದ ಚಿಕ್ಕ ಮಕ್ಕಳ ಹೆಸರು ಪಟ್ಟಿಯಿಂದ ಹೊರಗುಳಿಯಿತು.

ಅದಕ್ಕೆ ಕೊಟ್ಟ ಕಾರಣವನ್ನು ನಾವು ನೆನಪಿಟ್ಟುಕೊಳ್ಳಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆ, ಅಂದರೆ ನಮ್ಮೆಲ್ಲರ ಬಾಯಲ್ಲಿರುವ ಆರ್‌ಟಿಇ, 8ನೇ ತರಗತಿವರೆಗೆ ಕಡ್ಡಾಯ ಮತ್ತು ಉಚಿತ ಶಿಕ್ಷಣ ಕೊಡುತ್ತದೆ. ಹಾಗಿರುವಾಗ ಅದೇ ಮಕ್ಕಳಿಗೆ ಬೇರೆ ವಿದ್ಯಾರ್ಥಿವೇತನ ಯಾಕೆ ಎಂಬುದು ಸರಕಾರದ ವಾದ.

ಸರಿ, ಆ ಕಾಯ್ದೆಯನ್ನು ಜಾರಿ ಮಾಡಲು ಹಣ ಎಲ್ಲಿಂದ ಬರುತ್ತದೆ? ಮುಖ್ಯವಾಗಿ 'ಸಮಗ್ರ ಶಿಕ್ಷಾ' ಎಂಬ ಯೋಜನೆಯಿಂದ. ಹಿಂದಿನ ಸರ್ವ ಶಿಕ್ಷಾ ಅಭಿಯಾನ ಮತ್ತು ಪ್ರೌಢಶಾಲೆಗಳ ಯೋಜನೆಗಳನ್ನು ಒಟ್ಟುಗೂಡಿಸಿ 2018ರಲ್ಲಿ ಇದನ್ನು ತಂದರು. ನಮ್ಮಂತಹ ರಾಜ್ಯಗಳಲ್ಲಿ ನೂರು ರೂಪಾಯಿ ಖರ್ಚಿದ್ದರೆ ಕೇಂದ್ರದ್ದು 60, ರಾಜ್ಯದ್ದು 40. ಮಕ್ಕಳ ಪಠ್ಯಪುಸ್ತಕ, ಸಮವಸ್ತ್ರ, ವಿಶೇಷ ಅಗತ್ಯವುಳ್ಳ ಮಕ್ಕಳ ಶಿಕ್ಷಕರು, ಶಾಲೆಗೆ ಬರುವ ವಾರ್ಷಿಕ ಅನುದಾನ, ಆರ್‌ಟಿಇ ಸೀಟಿಗೆ ಖಾಸಗಿ ಶಾಲೆಗಳಿಗೆ ಕೊಡಬೇಕಾದ ಶುಲ್ಕ, ಇಂಥ ಹಲವು ಖರ್ಚುಗಳಿಗೆ ನೆರವು ಬರುವುದು ಇದರಿಂದಲೇ.

ಈ ಹಣಕ್ಕೇ ಜಗಳ ಶುರುವಾಯಿತು. 2022ರ ಸೆಪ್ಟಂಬರ್‌ನಲ್ಲಿ ಕೇಂದ್ರ ಸಂಪುಟ 'ಪಿಎಂ ಶ್ರೀ' ಎಂಬ ಇನ್ನೊಂದು ಯೋಜನೆಗೆ ಒಪ್ಪಿಗೆ ಕೊಟ್ಟಿತು. ದೇಶದ 14,500 ಶಾಲೆಗಳನ್ನು ಮಾದರಿ ಶಾಲೆ ಮಾಡುವುದು, ಐದು ವರ್ಷಕ್ಕೆ 27,360 ಕೋಟಿ ರೂ. ಕೇಳಲಿಕ್ಕೆ ಚಂದ. ಆದರೆ ಸೇರಬೇಕಾದರೆ ರಾಜ್ಯ ಒಪ್ಪಂದಕ್ಕೆ ಸಹಿ ಹಾಕಬೇಕು, ರಾಷ್ಟ್ರೀಯ ಶಿಕ್ಷಣ ನೀತಿ 2020ನ್ನು ಪೂರ್ತಿ ಜಾರಿ ಮಾಡುತ್ತೇವೆಂದು ಒಪ್ಪಬೇಕು. ತಮಿಳುನಾಡು, ಕೇರಳ, ಪಶ್ಚಿಮ ಬಂಗಾಳ ಸಹಿ ಹಾಕಲಿಲ್ಲ. ಆಗ ನಿಂತದ್ದು ಪಿಎಂ ಶ್ರೀ ಹಣ ಮಾತ್ರ ಅಲ್ಲ, ಹಳೆಯ ಸಮಗ್ರ ಶಿಕ್ಷಾದ ಹಣವೂ ನಿಂತಿತು.

ಮೊತ್ತ ಸಣ್ಣದಲ್ಲ. 2025ರ ಮಾರ್ಚ್‌ನಲ್ಲಿ ಸಂಸತ್ತಿನ ಶಿಕ್ಷಣ ಸ್ಥಾಯಿ ಸಮಿತಿ ಕೊಟ್ಟ ಲೆಕ್ಕದಂತೆ ತಮಿಳುನಾಡಿಗೆ 2,152 ಕೋಟಿ, ಕೇರಳಕ್ಕೆ 859.63 ಕೋಟಿ, ಬಂಗಾಳಕ್ಕೆ 1,000 ಕೋಟಿಗೂ ಹೆಚ್ಚು ಹಣ ಬಾಕಿ ಇತ್ತು. ಸಮಗ್ರ ಶಿಕ್ಷಾ ಇರುವುದು ಕಾಯ್ದೆಯ ಗುರಿ ಮುಟ್ಟಲಿಕ್ಕೆ. ಪಿಎಂ ಶ್ರೀಗೆ ಸಹಿ ಹಾಕಿಲ್ಲ ಎಂದು ಅದನ್ನು ತಡೆಯುವುದು ಸಮರ್ಥನೀಯವಲ್ಲ ಎಂದು ಸಮಿತಿಯೇ ಹೇಳಿತು.

ಇಲ್ಲಿ ಎರಡೂ ಕಡೆಯ ಮಾತು ಕೇಳಬೇಕು. ರಾಷ್ಟ್ರೀಯ ನೀತಿಯನ್ನು ಒಪ್ಪದೆ ಅದರ ಜೊತೆಗಿನ ಹಣ ಮಾತ್ರ ಬೇಕೆಂದರೆ ಹೇಗೆ, ಸಹಿ ಹಾಕುತ್ತೇವೆಂದು ಬರೆದುಕೊಟ್ಟ ತಮಿಳುನಾಡು ಆಮೇಲೆ ಹಿಂದೆ ಸರಿದದ್ದು ಯಾಕೆ ಎನ್ನುತ್ತದೆ ಕೇಂದ್ರ. 1968ರಿಂದ ನಮ್ಮದು ದ್ವಿಭಾಷಾ ನೀತಿ, ಅದನ್ನು ಹಣಕ್ಕಾಗಿ ಬಿಡುವುದಿಲ್ಲ ಎನ್ನುತ್ತದೆ ತಮಿಳುನಾಡು. 1976ರವರೆಗೆ ಶಿಕ್ಷಣ ರಾಜ್ಯಪಟ್ಟಿಯಲ್ಲಿತ್ತು; 42ನೇ ತಿದ್ದುಪಡಿಯ ಬಳಿಕ ಇಬ್ಬರಿಗೂ ಸೇರಿದ್ದಾಯಿತು. ಇಬ್ಬರದ್ದೂ ಆದ ಮನೆಯಲ್ಲಿ ಜಗಳ ಇದ್ದದ್ದೇ. ಆದರೆ ಅದಕ್ಕಾಗಿ ಮಕ್ಕಳ ಊಟದ ಬಟ್ಟಲು ಎತ್ತಿಡುತ್ತಾರೆಯೇ?

ತಮಿಳುನಾಡಿನಲ್ಲಿ ಆದದ್ದು ಹೆಚ್ಚುಕಡಿಮೆ ಅದೇ. ಖಾಸಗಿ ಶಾಲೆಗಳಲ್ಲಿ ಬಡ ಮಕ್ಕಳಿಗೆ ಮೀಸಲಾದ ಶೇ. 25 ಸೀಟುಗಳಿಗೆ 2025ರಲ್ಲಿ ಸಮಯಕ್ಕೆ ಸರಿಯಾಗಿ ಅರ್ಜಿಯನ್ನೇ ಕರೆಯಲಿಲ್ಲ. ಕೇಂದ್ರ ಹಣ ಕೊಟ್ಟಿಲ್ಲ ಎಂದಿತು ರಾಜ್ಯ. ಮದ್ರಾಸ್ ಹೈಕೋರ್ಟ್ 2025ರ ಜೂನ್‌ನಲ್ಲಿ ಇಬ್ಬರಿಗೂ ಬುದ್ಧಿ ಹೇಳಿತು: ಆರ್‌ಟಿಇ ಹಣವನ್ನು ಶಿಕ್ಷಣ ನೀತಿಯ ಜೊತೆ ಗಂಟು ಹಾಕಬೇಕಾಗಿಲ್ಲ, ಕೇಂದ್ರದಿಂದ ಬಂದಿಲ್ಲ ಎಂಬ ನೆಪದಲ್ಲಿ ರಾಜ್ಯವೂ ತನ್ನ ಹೊಣೆಯಿಂದ ಜಾರಿಕೊಳ್ಳುವಂತಿಲ್ಲ. ಕೊನೆಗೆ ಆರ್‌ಟಿಇ ಪಾಲಿನ ಹಣ ಬಿಡುಗಡೆಯಾಗಿ ಪ್ರವೇಶ ಪ್ರಕ್ರಿಯೆ ಶುರುವಾದದ್ದು ಅಕ್ಟೋಬರ್‌ನಲ್ಲಿ, ಶಾಲೆ ಆರಂಭವಾಗಿ ನಾಲ್ಕು ತಿಂಗಳ ಬಳಿಕ.

ತಲಪಾಡಿ ದಾಟಿದರೆ ಸಿಗುವ ಮಂಜೇಶ್ವರ, ಉಪ್ಪಳ, ಕುಂಬಳೆಯ ಶಾಲೆಗಳಲ್ಲಿ ನಮ್ಮವರದ್ದೇ ಮಕ್ಕಳಿದ್ದಾರೆ. ಅಲ್ಲಿನ ಕನ್ನಡ ಶಾಲೆಗಳಿಗೂ ಈ ಜಗಳ ದೂರದ್ದಲ್ಲ. ಕೇರಳ ಸರಕಾರ 2025ರ ಅಕ್ಟೋಬರ್‌ನಲ್ಲಿ ಒಪ್ಪಂದಕ್ಕೆ ಸಹಿ ಹಾಕಿತು. ಮಿತ್ರಪಕ್ಷ ಸಿಪಿಐ ಸಿಟ್ಟಾಗಿ ನಿಂತಿತು. ಕೆಲವೇ ದಿನಗಳಲ್ಲಿ ಸಂಪುಟ ಉಪಸಮಿತಿ ರಚಿಸಿ ಒಪ್ಪಂದವನ್ನು ತಡೆಹಿಡಿಯುವ ತೀರ್ಮಾನವಾಯಿತು. ಹಣ ಬೇಕಾಗಿತ್ತು ಎಂಬುದೂ ನಿಜ, ಷರತ್ತು ಭಾರವಾಗಿತ್ತು ಎಂಬುದೂ ನಿಜ.

ಈಗ ಮೊದಲಿನ ಸಾವಿರ ರೂಪಾಯಿಗೆ ಬರೋಣ. ಒಂದು ಕಡೆ 'ಆರ್‌ಟಿಇ ಇದೆಯಲ್ಲಾ' ಎಂದು ವಿದ್ಯಾರ್ಥಿವೇತನ ನಿಲ್ಲಿಸಿದರು. ಇನ್ನೊಂದು ಕಡೆ ಆರ್‌ಟಿಇಗೆ ಬೇಕಾದ ಹಣವನ್ನೇ ಬೇರೆ ಒಪ್ಪಂದದ ಹೆಸರಲ್ಲಿ ತಡೆದರು. ತಮಿಳುನಾಡಿನ ಬಡ ಅಲ್ಪಸಂಖ್ಯಾತ ಮಗುವೊಂದಕ್ಕೆ ಎರಡೂ ಕಡೆ ಬಾಗಿಲು ಮುಚ್ಚಿತು. ಕಾಯ್ದೆ ಮಗುವಿಗೆ ಕೊಟ್ಟದ್ದು ಹಕ್ಕು. ಆ ಮಗು ಯಾವ ಒಪ್ಪಂದಕ್ಕೂ ಸಹಿ ಹಾಕಿಲ್ಲ. ಸಹಿ ಹಾಕದವರ ತಪ್ಪಿಗಾಗಲೀ, ಹಾಕಿಸುವವರ ಹಠಕ್ಕಾಗಲೀ ಅದು ಯಾಕೆ ದಂಡ ಕಟ್ಟಬೇಕು? ಕೇಂದ್ರದ ಹಣ, ರಾಜ್ಯದ ಹಣ ಎನ್ನುವುದೆಲ್ಲ ಕೊನೆಗೆ ನಮ್ಮ ಜೇಬಿನದ್ದೇ. ಶಾಲೆಯ ಬ್ಯಾಗ್ ಕೊಂಡರೂ ತೆರಿಗೆ ಕಟ್ಟುತ್ತೇವೆ. ಆದಾಯ ತೆರಿಗೆ ಕಟ್ಟುವವರ ಮೇಲಂತೂ ಆರೋಗ್ಯ ಮತ್ತು ಶಿಕ್ಷಣದ ಹೆಸರಲ್ಲೇ ಶೇ. 4 ಸೆಸ್ ಇದೆ. ಆ ಸೆಸ್‌ನಲ್ಲಿ ರಾಜ್ಯಗಳಿಗೆ ಪಾಲಿಲ್ಲ.

ದೊಡ್ಡವರ ಜಗಳ ನಿಲ್ಲಿಸುವುದು ನಮ್ಮ ಕೈಯಲ್ಲಿಲ್ಲ, ನಿಜ. ಆದರೆ ನಮ್ಮ ಕೈಯಲ್ಲಿರುವುದನ್ನಾದರೂ ಮಾಡುತ್ತಿದ್ದೇವೆಯೇ? ಜಮಾಅತ್‌ನ ಮಹಾಸಭೆಯಲ್ಲಿ ಪೈಂಟ್‌ಗೆ ಎಷ್ಟಾಯ್ತು, ಬಲ್ಬಿಗೆ ಎಷ್ಟಾಯ್ತು ಎಂದು ಎದ್ದು ನಿಂತು ಕೇಳುವವರು ನಾವು. ನಮ್ಮ ಮಕ್ಕಳ ಸರಕಾರಿ ಶಾಲೆಗೆ ಈ ವರ್ಷ ಎಷ್ಟು ಅನುದಾನ ಬಂತು, ಯಾವ ಕಂತು ಬಾಕಿ ಇದೆ ಎಂದು ಎಷ್ಟು ಮಂದಿ ಕೇಳಿದ್ದೇವೆ? ಕಾಯ್ದೆಯ ಪ್ರಕಾರ ಶಾಲಾ ಸಮಿತಿಯಲ್ಲಿ ಮುಕ್ಕಾಲು ಭಾಗ ಪೋಷಕರು, ಅರ್ಧದಷ್ಟು ಮಹಿಳೆಯರು ಇರಬೇಕು. ನಮ್ಮಲ್ಲಿ ಅದೇ ಎಸ್‌ಡಿಎಂಸಿ. ಸಭೆಯ ಕಾಗದ ಬಂದರೆ 'ಮನೆಯವರು ಗಲ್ಫ್‌ನಲ್ಲಿದ್ದಾರೆ' ಎಂದು ಹೇಳಿ ಕಳಿಸುವ ಬದಲು ಉಮ್ಮಂದಿರೇ ಹೋಗಿ ಕುಳಿತುಕೊಳ್ಳಲಿ, ಲೆಕ್ಕ ಕೇಳಲಿ. ಹಣ ಬಂದಿಲ್ಲವೆಂದರೆ ಎಲ್ಲಿ ನಿಂತಿದೆ ಎಂದು ಶಾಸಕರನ್ನೂ ಕೇಳೋಣ, ಸಂಸದರನ್ನೂ ಕೇಳೋಣ. ಒಬ್ಬರು ಇನ್ನೊಬ್ಬರ ಕಡೆ ಬೆರಳು ತೋರಿಸಿದರೆ ಇಬ್ಬರಿಗೂ ಒಂದೇ ಕಾಗದ ಬರೆಯೋಣ.