ಗೌರಿ ಹೂವಿನ ಗಡ್ಡೆ: ಮದ್ದು ಹೌದು, ಆದರೆ ಮನೆಮದ್ದೇ?

ಮಳೆಗಾಲ ಬಲಿತು ಗೌರಿ ಹಬ್ಬ ಹತ್ತಿರ ಬಂತೆಂದರೆ ಕೊಪ್ಪ, ಶೃಂಗೇರಿ, ಎನ್.ಆರ್. ಪುರ ಕಡೆಯ ಬೇಲಿಗಳಲ್ಲಿ, ಕಾಡಂಚಿನಲ್ಲಿ ಗೌರಿ ಹೂ ಅರಳುತ್ತದೆ. ಬುಡದಲ್ಲಿ ಹಳದಿ, ತುದಿಯಲ್ಲಿ ಕೆಂಪು, ಹಿಂದಕ್ಕೆ ಬಾಗಿದ ಆರು ಎಸಳು. ಉರಿಯುವ ಬೆಂಕಿಯಂತೆ ಕಾಣುವುದರಿಂದ ಅಗ್ನಿಶಿಖೆ ಎಂಬ ಹೆಸರೂ ಇದೆ. ಕಡಹಿನಬೈಲಿನಂಥ ಮಲೆನಾಡಿನ ಊರುಗಳಿಗೆ ಇದು ಹಬ್ಬದ ಹೂವು. ಪಕ್ಕದ ತಮಿಳುನಾಡಿಗೆ ರಾಜ್ಯಪುಷ್ಪ. ಸಸ್ಯಶಾಸ್ತ್ರದ ಹೆಸರು ಗ್ಲೋರಿಯೋಸಾ ಸುಪರ್ಬಾ.

ಹೂವನ್ನು ಪೂಜೆಗೆ ಇಡುವುದಕ್ಕೆ ನಮ್ಮ ತಕರಾರಿಲ್ಲ. ಮಾತಿರುವುದು ಮಣ್ಣಿನೊಳಗಿನ ಗಡ್ಡೆಯ ಬಗ್ಗೆ. ಹಾವು ಕಚ್ಚಿದರೆ ಇದನ್ನು ತೇದು ಹಚ್ಚಿ, ಕೀಲುನೋವಿಗೆ ಪುಡಿ ಮಾಡಿ ಕೊಡಿ, ಹೆರಿಗೆ ತಡವಾದರೆ ಅರೆದು ಬಳಸಿ ಎಂಬ ಸಲಹೆಗಳು ಹಳೆಯವು. ಜೊತೆಗೆ "ಗಿಡಮೂಲಿಕೆ ತಾನೆ, ಸೈಡ್ ಎಫೆಕ್ಟ್ ಇರಲ್ಲ" ಎಂಬ ಧೈರ್ಯವೂ ಇರುತ್ತದೆ. ಇದರಲ್ಲಿ ನಿಜ ಎಷ್ಟು?

ಕೀಲುನೋವಿನ ಮಾತಿನಲ್ಲಿ ಒಂದಿಷ್ಟು ನಿಜ ಇದೆ. ಈ ಗಿಡದ ಗಡ್ಡೆಯಲ್ಲೂ ಬೀಜದಲ್ಲೂ ಕಾಲ್ಚಿಸಿನ್ ಎಂಬ ರಾಸಾಯನಿಕವಿದೆ. ಯೂರಿಕ್ ಆಮ್ಲ ಹರಳುಗಟ್ಟಿ ಕಾಲಿನ ಹೆಬ್ಬೆರಳು ಊದಿಕೊಳ್ಳುವ ಗೌಟ್ ಕಾಯಿಲೆಗೆ ವೈದ್ಯರು ಇಂದಿಗೂ ಬರೆದುಕೊಡುವ ಮಾತ್ರೆ ಇದೇ. ತಮಿಳುನಾಡಿನಲ್ಲಿ ಇದರ ಬೀಜಕ್ಕಾಗಿಯೇ ರೈತರು ಬೆಳೆ ತೆಗೆಯುತ್ತಾರೆ. ಆದರೆ ಎಲ್ಲ ಮಂಡಿನೋವೂ ಗೌಟ್ ಅಲ್ಲ. ವಯಸ್ಸಾಗಿ ಕೀಲು ಸವೆದು ಬರುವ ನೋವಿಗೆ ಇದು ಮದ್ದಲ್ಲ.

ಕಾಲ್ಚಿಸಿನ್ ಕೆಲಸ ಮಾಡುವ ರೀತಿ ತಿಳಿದರೆ ಅಪಾಯವೂ ತಾನಾಗಿ ತಿಳಿಯುತ್ತದೆ. ನಮ್ಮ ಜೀವಕೋಶದೊಳಗೆ ಸಣ್ಣ ಸಣ್ಣ ಕೊಳವೆಗಳ ಚೌಕಟ್ಟೊಂದಿದೆ. ಕೋಶ ಚಲಿಸುವುದಕ್ಕೂ ಎರಡಾಗುವುದಕ್ಕೂ ಅದು ಬೇಕು. ಕಾಲ್ಚಿಸಿನ್ ಆ ಕೊಳವೆ ಕಟ್ಟಿಕೊಳ್ಳದಂತೆ ತಡೆಯುತ್ತದೆ. ಅಳತೆಯಲ್ಲಿದ್ದರೆ ಬಿಳಿ ರಕ್ತಕಣಗಳು ಊದಿದ ಕೀಲಿಗೆ ನುಗ್ಗುವುದು ತಗ್ಗಿ ನೋವು ಇಳಿಯುತ್ತದೆ. ಅಳತೆ ಮೀರಿದರೆ, ದೇಹದಲ್ಲಿ ಬೇಗಬೇಗ ವಿಭಜನೆಯಾಗುವ ಕೋಶಗಳೆಲ್ಲ ನಿಂತುಹೋಗುತ್ತವೆ. ಮೊದಲು ಕರುಳಿನ ಒಳಪದರ: ಕೆಲವೇ ಗಂಟೆಗಳಲ್ಲಿ ವಾಂತಿ, ಹೊಟ್ಟೆನೋವು, ಕಾಲರಾದಂಥ ಭೇದಿ. ಮುಂದಿನ ದಿನಗಳಲ್ಲಿ ಅಸ್ಥಿಮಜ್ಜೆ ಸೊರಗಿ ರಕ್ತಕಣಗಳು ಕುಸಿಯುತ್ತವೆ; ಮೂತ್ರಪಿಂಡ, ಹೃದಯ ಕೈಕೊಡಬಹುದು. ಬದುಕುಳಿದವರಿಗೆ ಒಂದೆರಡು ವಾರದ ನಂತರ ತಲೆಗೂದಲು ಉದುರುತ್ತದೆ. (ಇದೇ ಗುಣವನ್ನು ಸಸ್ಯತಳಿ ವಿಜ್ಞಾನಿಗಳು ಬೀಜವಿಲ್ಲದ ಕಲ್ಲಂಗಡಿ ಮಾಡಲು ಬಳಸಿಕೊಂಡರು!)

ಇನ್ನು ಅಳತೆಯ ವಿಷಯ. ಮಾತ್ರೆಯೊಂದರಲ್ಲಿ ಇರುವುದು ಸಾಮಾನ್ಯವಾಗಿ 0.5 ಮಿಲಿಗ್ರಾಂ. ಒಣಗಿಸಿದ ಗಡ್ಡೆಯಲ್ಲಿ ಕಾಲ್ಚಿಸಿನ್ ಶೇ 0.1 ಇದ್ದರೆ ಒಂದು ಗ್ರಾಂ ಪುಡಿ ಎರಡು ಮಾತ್ರೆಗೆ ಸಮ, ಶೇ 0.3 ಇದ್ದರೆ ಆರು ಮಾತ್ರೆಗೆ ಸಮ. ಗಿಡದಿಂದ ಗಿಡಕ್ಕೆ ಪ್ರಮಾಣ ಬದಲಾಗುತ್ತದೆ, ಚಿಟಿಕೆಯಲ್ಲಿ ಹಿಡಿದ ಪುಡಿ ಮಾತ್ರ ನೋಡಲು ಒಂದೇ ಥರ. ಬೇಯಿಸಿದರೂ ಒಣಗಿಸಿದರೂ ವಿಷ ಹೋಗುವುದಿಲ್ಲ. ಶ್ರೀಲಂಕಾದಲ್ಲಿ ಗೆಣಸೆಂದು ತಿಳಿದು ಈ ಗಡ್ಡೆ ಬೇಯಿಸಿ ತಿಂದವರು ಸತ್ತದ್ದು ವೈದ್ಯಕೀಯ ದಾಖಲೆಗಳಲ್ಲಿದೆ. ಕಾಡುಗೆಣಸು ಅಗೆಯುವವರು ಬಳ್ಳಿಯನ್ನು ನೋಡಿಯೇ ಅಗೆಯಬೇಕು: ಗೌರಿ ಹೂವಿನ ಎಲೆಯ ತುದಿ ಸುರುಳಿಯಾಗಿ ಆಸರೆಗೆ ಸುತ್ತಿಕೊಳ್ಳುತ್ತದೆ, ಗಡ್ಡೆ ನೇಗಿಲಿನಂತೆ ಕವಲೊಡೆದಿರುತ್ತದೆ. ಸಂಸ್ಕೃತದ ಲಾಂಗಲಿ ಎಂಬ ಹೆಸರಿನ ಮೂಲವೂ ನೇಗಿಲೇ.

ಆಯುರ್ವೇದಕ್ಕೆ ಈ ಅಪಾಯ ಗೊತ್ತಿರಲಿಲ್ಲವೇ?

ಚೆನ್ನಾಗಿಯೇ ಗೊತ್ತಿತ್ತು. ಲಾಂಗಲಿಯನ್ನು ಗ್ರಂಥಗಳು ಉಪವಿಷಗಳ ಸಾಲಿಗೆ ಸೇರಿಸಿವೆ. ಗೋಮೂತ್ರದಲ್ಲಿ ನೆನೆಸಿ ಶೋಧನೆ ಮಾಡದೆ ಬಳಸುವಂತಿಲ್ಲ ಎನ್ನುತ್ತವೆ. ಶೋಧನೆಯಿಂದ ವಿಷ ತಗ್ಗುತ್ತದೆಯೇ ಹೊರತು ಪೂರ್ತಿ ಇಲ್ಲವಾಗುವುದಿಲ್ಲ. ಭಾರತದ ಔಷಧ ನಿಯಮಾವಳಿಯ ಇ(1) ಪಟ್ಟಿಯಲ್ಲೂ ಇದು ವಿಷದ್ರವ್ಯ. ಇದಿರುವ ಹೊಟ್ಟೆಗೆ ತೆಗೆದುಕೊಳ್ಳುವ ಆಯುರ್ವೇದ ಔಷಧದ ಮೇಲೆ, ವೈದ್ಯರ ಮೇಲ್ವಿಚಾರಣೆಯಲ್ಲೇ ಸೇವಿಸಬೇಕೆಂಬ ಎಚ್ಚರಿಕೆ ಮುದ್ರಿಸಬೇಕು. ಶಾಸ್ತ್ರವೇ ವಿಷ ಎಂದದ್ದನ್ನು ಶಾಸ್ತ್ರದ ಹೆಸರಿನಲ್ಲಿ ಮನೆಮದ್ದು ಮಾಡುವುದು ನಮಗಂತೂ ವಿಚಿತ್ರವಾಗಿ ಕಾಣುತ್ತದೆ.

ಈ ಗಿಡಕ್ಕೆ ಗರ್ಭಪಾತಿನಿ ಎಂಬ ಇನ್ನೊಂದು ಹೆಸರೂ ಇದೆ. ಹೆರಿಗೆಗೆ ಅಥವಾ ಗರ್ಭ ಇಳಿಸಲು ಗುಟ್ಟಾಗಿ ಬಳಸುವವರ ಜೀವಕ್ಕೇ ಇದು ಕುತ್ತು. ಬಸುರಿಯರು, ಮೂತ್ರಪಿಂಡ ಅಥವಾ ಯಕೃತ್ತಿನ ತೊಂದರೆ ಇರುವವರು ಹತ್ತಿರವೂ ಸುಳಿಯಬಾರದು. ಕ್ಲಾರಿಥ್ರೋಮೈಸಿನ್‌ನಂಥ ಆ್ಯಂಟಿಬಯೋಟಿಕ್ ತೆಗೆದುಕೊಳ್ಳುತ್ತಿದ್ದರೆ ಕಾಲ್ಚಿಸಿನ್ ದೇಹದಲ್ಲಿ ಏರುತ್ತದೆ. ಹಾಗಾಗಿ ಗೌಟ್‌ಗೆ ಮಾತ್ರೆ ತಿನ್ನುವವರು ಬೇರೆ ಡಾಕ್ಟರ ಬಳಿ ಹೋದಾಗ ಅದನ್ನು ಹೇಳಲೇಬೇಕು.

ಹಾವಿನ ಕಡಿತಕ್ಕೆ ಈ ಗಡ್ಡೆ ಕೆಲಸಕ್ಕೆ ಬಾರದು. ವಿಷ ರಕ್ತಕ್ಕೆ ಸೇರಿದ ಮೇಲೆ ಉಳಿಯುವ ದಾರಿ ಆಸ್ಪತ್ರೆಯಲ್ಲಿ ಕೊಡುವ ಪ್ರತಿವಿಷ. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದೆ. ಮಲೆನಾಡಿನ ರಸ್ತೆ, ಮಳೆ, ದೂರ ಎಲ್ಲ ಸೇರಿ ಆಸ್ಪತ್ರೆ ತಲುಪುವುದೇ ತಡ. ಗಡ್ಡೆ ತೇಯಲು ಕಳೆದ ಅರ್ಧ ಗಂಟೆ ಆ ತಡಕ್ಕೆ ಸೇರುತ್ತದೆ.

ಯಾರಾದರೂ ಗಡ್ಡೆಯನ್ನೋ ಬೀಜವನ್ನೋ ತಿಂದಿದ್ದರೆ ವಾಂತಿ ಶುರುವಾಗಲಿ ಎಂದು ಕಾಯಬೇಡಿ, ಬಲವಂತವಾಗಿ ವಾಂತಿ ಮಾಡಿಸಲೂ ಬೇಡಿ. 108ಕ್ಕೆ ಕರೆ ಮಾಡಿ, ಗಿಡದ ತುಂಡನ್ನು ಜೊತೆಗೆ ಒಯ್ಯಿರಿ. ಈ ವಿಷಕ್ಕೆ ಆಸ್ಪತ್ರೆಗಳಲ್ಲಿ ಸಿದ್ಧ ಪ್ರತಿವಿಷವಿಲ್ಲ, ಬೇಗ ಶುರುವಾಗುವ ಆರೈಕೆಯೇ ಆಧಾರ. ಮೊದಲ ದಿನದ ಭೇದಿ ನಿಂತು ಚೇತರಿಸಿಕೊಂಡಂತೆ ಕಂಡರೂ, ವೈದ್ಯರು ಹೇಳುವವರೆಗೆ ಮನೆಗೆ ಕರೆತರಬೇಡಿ.