ತೊಡೆಮೂಳೆ ಮುರಿದಾಗ: ಕಟ್ಟೋ, ಶಸ್ತ್ರಚಿಕಿತ್ಸೆಯೋ?

ಮನೆಯ ಹಿರಿಯರು ಬಚ್ಚಲಿನಲ್ಲಿ ಜಾರಿ ಬಿದ್ದು ತೊಡೆಮೂಳೆ ಮುರಿದುಕೊಂಡಾಗ, “ಈ ವಯಸ್ಸಿನಲ್ಲಿ ಆಪರೇಶನ್ ಬೇಡ, ನೀವೇ ಕಟ್ಟು ಹಾಕಿಬಿಡಿ” ಎಂದು ಭಕ್ತರು ನಮ್ಮನ್ನು ಕೇಳುವುದುಂಟು. ವೃದ್ಧಾಪ್ಯವೇ ಶಸ್ತ್ರಚಿಕಿತ್ಸೆಗೆ ಅಡ್ಡಿಯೆಂಬುದು ಅವರ ಭಾವನೆ. ವಾಸ್ತವದಲ್ಲಿ, ಬೇಗ ಶಸ್ತ್ರಚಿಕಿತ್ಸೆ ಬೇಕಾಗುವುದು ವೃದ್ಧರಿಗೇ.

ಸುಶ್ರುತಸಂಹಿತೆಯು ಭಗ್ನಚಿಕಿತ್ಸೆಯನ್ನು ವಿಸ್ತಾರವಾಗಿ ನಿರೂಪಿಸಿದೆ. ಮುರಿದ ಮೂಳೆಯನ್ನು ಎಳೆದು ಸ್ವಸ್ಥಾನಕ್ಕೆ ತಂದು, ತೊಗಟೆ ಅಥವಾ ಬಿದಿರಿನ ಪಟ್ಟಿಗಳನ್ನಿಟ್ಟು ಬಂಧಿಸಬೇಕು. ತೊಡೆ ಮುರಿದಿದ್ದರೆ ರೋಗಿಯನ್ನು ಹಲಗೆಯ ಮೇಲೆ ಮಲಗಿಸಿ, 5 ಗೂಟಗಳಿಂದ ಕಾಲು ಅಲುಗದಂತೆ ಮಾಡಬೇಕು. ಇದೇ ಕಪಾಟಶಯನ. ಇಂದಿನ ಟ್ರ್ಯಾಕ್ಷನ್ ಇದಕ್ಕೆ ದೂರದ್ದೇನಲ್ಲ. ಆದರೆ ಅದೇ ಗ್ರಂಥವು ವೃದ್ಧರ ಭಗ್ನವನ್ನು ಕಷ್ಟಸಾಧ್ಯವೆಂದೂ, ಎಳೆಯರಲ್ಲಿ 1 ತಿಂಗಳಿಗೆ ಕೂಡುವುದು ವೃದ್ಧರಲ್ಲಿ 3 ತಿಂಗಳು ಹಿಡಿಯುವುದೆಂದೂ ಹೇಳುತ್ತದೆ. ಕಟ್ಟನ್ನೇ ಬಯಸುವವರು ಈ ಭಾಗವನ್ನೂ ಗಮನಿಸಬೇಕು.

ಎಪ್ಪತ್ತು ದಾಟಿದವರು 3 ತಿಂಗಳು ಅಂಗಾತ ಮಲಗಿದರೆ ಬೆನ್ನಿನಲ್ಲಿ ಹುಣ್ಣಾಗುತ್ತದೆ, ಕಫ ಕಟ್ಟಿ ಶ್ವಾಸಕೋಶಕ್ಕೆ ಸೋಂಕು ತಗಲುತ್ತದೆ, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಪ್ರಾಣಕ್ಕೆ ಎರವಾಗುವುದು ಬಹುಮಟ್ಟಿಗೆ ಇವೇ. ಇತ್ತ ತೊಡೆಯ ಬಲವಾದ ಸ್ನಾಯುಗಳು ಮೂಳೆಯ ತುಂಡುಗಳನ್ನು ಒಂದರ ಮೇಲೊಂದು ಎಳೆದು ಕಾಲನ್ನು ಗಿಡ್ಡವಾಗಿಸುತ್ತವೆ. ಸೊಂಟದ ಕೀಲಿನ ಬಳಿ ಮುರಿದಿದ್ದರಂತೂ ರಕ್ತಪೂರೈಕೆ ಕಡಿದು, ಮೂಳೆ ಕೂಡದೆಯೂ ಹೋಗಬಹುದು.

ಜರ್ಮನಿಯ ಗೆರ್ಹಾರ್ಡ್ ಕುಂಟ್ಷರ್ ಎಂಬ ವೈದ್ಯರು 1940ರ ಸುಮಾರಿಗೆ ಮಜ್ಜೆಯ ನಾಳದೊಳಗೆ ಲೋಹದ ಸರಳನ್ನು ಸೇರಿಸುವ ಕ್ರಮವನ್ನು ತಂದರು. ಸೊಂಟದ ಬಳಿಯ ಮುರಿತಕ್ಕೆ ಸ್ಕ್ರೂ, ಸರಳು ಅಥವಾ ಕೃತಕ ಕೀಲು ಹಾಕುತ್ತಾರೆ. 48 ಗಂಟೆಗಳೊಳಗೆ ಇದಾದರೆ, ಹೆಚ್ಚಿನವರನ್ನು ಮರುದಿನವೇ ಎಬ್ಬಿಸಿ ಕೂರಿಸಬಹುದು. ಸೋಂಕು, ರಕ್ತಸ್ರಾವ, ಅರಿವಳಿಕೆಯ ತೊಂದರೆಗಳು ಇಲ್ಲಿಯೂ ಇವೆ. ಆದರೂ ಮಲಗಿಯೇ ಇರುವುದರ ಅಪಾಯ ಅದಕ್ಕಿಂತ ದೊಡ್ಡದು.

ಐದಾರು ವರ್ಷದೊಳಗಿನ ಮಕ್ಕಳ ಮಾತು ಬೇರೆ. ಅವರಿಗೆ ಸೊಂಟದಿಂದ ಕಾಲಿನವರೆಗೆ ಹಾಕುವ ಪ್ಲಾಸ್ಟರ್ ಸಾಮಾನ್ಯವಾಗಿ ಸಾಕು. ಅರಿವಳಿಕೆಯನ್ನು ತಾಳಲಾರದಷ್ಟು ನಿತ್ರಾಣರಾದವರಿಗೂ ಶಸ್ತ್ರರಹಿತ ಚಿಕಿತ್ಸೆಯೇ ದಾರಿ.

ತೊಡೆ ಮುರಿದವರ ಕಾಲನ್ನು ತಿಕ್ಕಬಾರದು, ಎಣ್ಣೆ ನೀವಬಾರದು, ಬಿಗಿದು ಕಟ್ಟಬಾರದು. ಮೂಳೆಯ ನಡುಭಾಗ ಮುರಿದರೆ ಹೊರಗೆ ಗಾಯವಿಲ್ಲದೆಯೂ ಒಳಗೇ ಒಂದು ಲೀಟರಿನಷ್ಟು ರಕ್ತ ಸೋರಬಹುದು. ಕಾಲು ಅಲುಗದಂತೆ ಹಲಗೆ ಕಟ್ಟಿ ಆಸ್ಪತ್ರೆಗೆ ಸಾಗಿಸಬೇಕು.

ಆಯುರ್ವೇದದ ಪಾತ್ರ ಅನಂತರದ್ದು. ಹಾಲು, ರಾಗಿ, ಬೇಳೆಗಳ ಪಥ್ಯ, ಬಿಸಿಲು, ಕ್ರಮವಾದ ನಡಿಗೆ ಮುಖ್ಯ. ಮಂಗರವಳ್ಳಿ, ಗುಗ್ಗುಲುಗಳ ಯೋಗಗಳನ್ನು ಶಸ್ತ್ರವೈದ್ಯರಿಗೆ ತಿಳಿಸಿಯೇ ಆರಂಭಿಸಬೇಕು; ರಕ್ತ ತೆಳುವಾಗಿಸುವ ಮಾತ್ರೆಗಳೊಡನೆ ಅವು ಹೊಂದದಿರಬಹುದು. ಕೃತಕ ಕೀಲು ಹಾಕಿಸಿಕೊಂಡವರು, ವೈದ್ಯರು ಅನುಮತಿಸುವವರೆಗೆ, ಇಷ್ಟಲಿಂಗ ಪೂಜೆಯನ್ನು ಪದ್ಮಾಸನದ ಬದಲು ಎತ್ತರದ ಕುರ್ಚಿಯಲ್ಲಿ ಕುಳಿತು ಮಾಡಲಿ.